ಮನೆಯಲ್ಲಿ ಬೆಕ್ಕು, ಮೈಯಲ್ಲಿ ಜ್ವರ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಪ್ರಾಣಿವೈದ್ಯರ ಬಳಿಗೆ ಮನುಷ್ಯರ ಕಾಯಿಲೆಗಳೂ ಬರುತ್ತವೆ. ಮರಿಗೆ ಲಸಿಕೆ ಹಾಕಿಸಿಕೊಂಡು ಹೊರಟವರು ಬಾಗಿಲ ಬಳಿ ನಿಂತು, “ಡಾಕ್ಟರೇ, ಇದೊಂದು ನೋಡಿಬಿಡಿ” ಎಂದು ತೋಳೆತ್ತುತ್ತಾರೆ. ಕಂಕುಳಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಇನ್ನೊಬ್ಬರು ಪ್ಯಾಂಟಿನ ಅಂಚನ್ನು ಮೇಲಕ್ಕೆ ಸರಿಸಿ ಕಣಕಾಲಿನ ಸುತ್ತ ಎದ್ದ ಗುಳ್ಳೆಗಳನ್ನು ತೋರಿಸುತ್ತಾರೆ. ಮತ್ತೊಬ್ಬರ ಮಗನಿಗೆ ವಾರದಿಂದ ಜ್ವರ. ಡೆಂಗಿ ಪರೀಕ್ಷೆ ಮತ್ತೆ ಮತ್ತೆ ಮಾಡಿಸಿದರೂ ನೆಗೆಟಿವ್. ಮನುಷ್ಯರಿಗೆ ಔಷಧಿ ಬರೆಯುವುದು ನನ್ನ ಕೆಲಸವಲ್ಲ, ಬರೆಯುವುದೂ ಇಲ್ಲ. ಆದರೆ ಚಿಗಟ, ಬೆಕ್ಕು, ಮನುಷ್ಯ ಈ ಮೂವರ ನಡುವೆ ರೋಗಾಣು ಯಾವ ದಾರಿಯಲ್ಲಿ ಬಂತು ಎಂದು ಹಿಂದಕ್ಕೆ ಜಾಡು ಹಿಡಿದು ಹೋಗುವುದು ನಮ್ಮ ಕಸುಬಿನವರಿಗೆ ಅಭ್ಯಾಸ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ವೈದ್ಯರ ಮುಂದೆ ಕೂರುವ ಮೊದಲು ಇಷ್ಟನ್ನು ಮಾಡಿಕೊಂಡು ಹೋದರೆ ಅವರ ಕೆಲಸ ಹಗುರವಾಗುತ್ತದೆ, ಬೇಡದ ಪರೀಕ್ಷೆಗಳ ಖರ್ಚೂ ತಪ್ಪಬಹುದು.

ಇಂಥ ಪ್ರಕರಣಗಳಲ್ಲಿ ಬೈಗುಳ ತಿನ್ನುವುದು ಬೆಕ್ಕು. ದೋಷದ ಬೇರು ಬಹುಪಾಲು ಚಿಗಟದಲ್ಲಿರುತ್ತದೆ. ಗಂಟಿಗೆ ಮಾತ್ರೆ ನುಂಗಿ, ಚಿಗಟವನ್ನು ಹಾಗೆಯೇ ಬಿಟ್ಟರೆ ಇವತ್ತು ಅಣ್ಣನಿಗೆ ಬಂದದ್ದು ನಾಳೆ ತಂಗಿಗೆ ಬರುತ್ತದೆ.

ಕಚ್ಚಿದ ಕೂಡಲೇ, ಪರಚಿದ ಕೂಡಲೇ

ಈ ಬರಹ ಬ್ಯಾಕ್ಟೀರಿಯಾಗಳ ಕುರಿತದ್ದು. ಆದರೂ ನಮ್ಮ ಊರಿನಲ್ಲಿ ಬೆಕ್ಕು ಕಚ್ಚಿದಾಗ ಮೊದಲು ನೆನಪಾಗಬೇಕಾದದ್ದು ಒಂದು ವೈರಸ್, ರೇಬೀಸ್. ನಾಯಿಯಿಂದ ಮಾತ್ರ ಬರುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ, ಬೆಕ್ಕಿನಿಂದಲೂ ಬರುತ್ತದೆ. ಗಾಯವನ್ನು ನಲ್ಲಿಯ ಹರಿಯುವ ನೀರಿನಲ್ಲಿ, ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಎಂದರೆ ಗಡಿಯಾರ ನೋಡಿಕೊಂಡು. ನಾವು ಅಂದಾಜಿನಲ್ಲಿ ತೊಳೆಯುವುದು ಎರಡು ನಿಮಿಷವನ್ನೂ ದಾಟುವುದಿಲ್ಲ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬರದ ಗೀರಾದರೂ ಲಸಿಕೆ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ; ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೂಡ ಬೇಕಾಗುತ್ತದೆ. ಟಿಟಿ ಚುಚ್ಚುಮದ್ದು ಯಾವಾಗ ಹಾಕಿಸಿದ್ದೀರಿ ಎಂದೂ ಕೇಳುತ್ತಾರೆ, ನೆನಪು ಮಾಡಿಕೊಂಡು ಹೋಗಿ.

ಇದು ಮುಗಿಯಿತು ಎಂದುಕೊಂಡು ಮುಂದಿನದನ್ನು ಓದಿ. ಮುಗಿದಿಲ್ಲವಾದರೆ ಓದುವುದನ್ನು ನಿಲ್ಲಿಸಿ ಮೊದಲು ಅದನ್ನು ಮುಗಿಸಿ.

ಗಂಟೆಗಳ ಲೆಕ್ಕವೋ, ವಾರಗಳ ಲೆಕ್ಕವೋ

ದೋಷ ಹುಡುಕುವಾಗ ನಾನು ಕೇಳುವ ಮೊದಲ ಪ್ರಶ್ನೆ “ಏನಾಗಿದೆ” ಎಂದಲ್ಲ, “ಯಾವಾಗ” ಎಂದು. ಬೆಕ್ಕು ಕಚ್ಚಿದ್ದು ಯಾವಾಗ, ಊತ ಬಂದದ್ದು ಯಾವಾಗ. ಈ ಎರಡರ ನಡುವಿನ ಅಂತರವೇ ಅನೇಕ ಸಲ ರೋಗಾಣುವಿನ ಹೆಸರು ಹೇಳಿಬಿಡುತ್ತದೆ.

ಸಂಜೆ ಕಚ್ಚಿ, ಮರುದಿನ ಬೆಳಗ್ಗೆ ಏಳುವಷ್ಟರಲ್ಲಿ ಬೆರಳು ಕೆಂಪಾಗಿ ಬಿಗಿದು, ಮುಟ್ಟಿದರೆ ಜೀವ ಹೋಗುವಂಥ ನೋವಿದ್ದರೆ ಅದು ಪಾಶ್ಚರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾದ ಕೆಲಸ ಎಂದು ಅನುಮಾನಿಸಬಹುದು. ಬೆಕ್ಕುಗಳ ಬಾಯಲ್ಲಿ ಇದು ಸಹಜವಾಗಿಯೇ ಇರುತ್ತದೆ, ಬೆಕ್ಕಿಗೆ ಇದರಿಂದ ತೊಂದರೆಯಿಲ್ಲ. ಒಂದು ದಿನದೊಳಗೆ ಲಕ್ಷಣ ತೋರಿಸುವ ಆತುರವೇ ಇದರ ಗುರುತು. ನಾಯಿ ಕಚ್ಚಿದರೆ ಚರ್ಮ ಹರಿಯುತ್ತದೆ, ನೋಡುವುದಕ್ಕೆ ಭಯಂಕರ. ಬೆಕ್ಕಿನ ಕೋರೆಹಲ್ಲು ಸಣ್ಣದು, ಚೂಪು. ಆಳಕ್ಕೆ ಇಳಿದು ಮೇಲೆ ಚುಕ್ಕೆಯಷ್ಟೇ ಗುರುತು ಬಿಡುತ್ತದೆ. ಚುಕ್ಕೆ ಮುಚ್ಚಿಕೊಂಡ ಮೇಲೆ ಒಳಗೆ ಸ್ನಾಯುರಜ್ಜು, ಗೆಣ್ಣಿನ ಕೀಲು, ಮೂಳೆ ಇವುಗಳ ಬಳಿ ಬ್ಯಾಕ್ಟೀರಿಯಾ ನೆಮ್ಮದಿಯಾಗಿ ಬೆಳೆಯುತ್ತದೆ. ಅದಕ್ಕೇ ಬೆಕ್ಕು ಕಚ್ಚಿದ ಗಾಯ ನಾಯಿಯದಕ್ಕಿಂತ ಹೆಚ್ಚು ಸಲ ಕೀವಾಗುತ್ತದೆ. ಕೈಗೆ ಕಚ್ಚಿದ್ದು, ಬೆರಳು ಮಡಚಲು ಆಗುತ್ತಿಲ್ಲ ಎಂದಾದರೆ ನಾಳೆಗೆ ಇಡಬೇಡಿ. ಮನೆಯಲ್ಲಿ ಉಳಿದಿದ್ದ ಯಾವುದೋ ಆ್ಯಂಟಿಬಯಾಟಿಕ್ ನುಂಗಿ ಕಾಯುವ ಅಭ್ಯಾಸ ಇಲ್ಲಿ ದುಬಾರಿಯಾಗುತ್ತದೆ: ಸಾಮಾನ್ಯ ಚರ್ಮದ ಸೋಂಕಿಗೆ ಕೊಡುವ ಸೆಫಲೆಕ್ಸಿನ್, ಎರಿಥ್ರೊಮೈಸಿನ್‌ಗಳಿಗೆ ಪಾಶ್ಚರೆಲ್ಲಾ ಅಷ್ಟಾಗಿ ಬಗ್ಗುವುದಿಲ್ಲ. ವೈದ್ಯರು ಹೆಚ್ಚಾಗಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಕೂಡಿದ ಔಷಧಿಯನ್ನು ಆರಿಸುತ್ತಾರೆ.

ಪರಚಿದ್ದು ಮರೆತೇ ಹೋಗಿ, ವಾರಗಳ ನಂತರ ಗಂಟು ಬಂದರೆ ಅದು ಬೇರೆಯೇ ಕಥೆ.

ಗಂಟು ಬಂದಿದ್ದರೆ

ಕ್ಯಾಟ್ ಸ್ಕ್ರ್ಯಾಚ್ ರೋಗ ಎಂದು ಇದಕ್ಕೆ ಹೆಸರು. ಫ್ರಾನ್ಸಿನ ಮಕ್ಕಳ ವೈದ್ಯ ರಾಬರ್ಟ್ ದೆಬ್ರೆ 1950ರಲ್ಲಿ ಇದನ್ನು ವಿವರಿಸಿದರು. ಯಾವ ರೋಗಾಣು ಎಂದು ಖಚಿತವಾಗಲು ಇನ್ನೂ ನಾಲ್ಕು ದಶಕ ಬೇಕಾಯಿತು. 1992ರಲ್ಲಿ ಹೆಸರು ಪಡೆದ ಆ ಬ್ಯಾಕ್ಟೀರಿಯಾವನ್ನು ಈಗ ಬಾರ್ಟೊನೆಲ್ಲಾ ಹೆನ್ಸೆಲೆ ಎನ್ನುತ್ತಾರೆ. ಬೆಕ್ಕಿನ ಕೆಂಪು ರಕ್ತಕಣಗಳ ಒಳಗೆ ತಿಂಗಳುಗಟ್ಟಲೆ ಅಡಗಿ ಕುಳಿತಿರುತ್ತದೆ. ಬೆಕ್ಕು ತಿನ್ನುತ್ತದೆ, ಮಲಗುತ್ತದೆ, ಪರದೆ ಹತ್ತುತ್ತದೆ. ಕಾಯಿಲೆಯ ಸುಳಿವೇ ಇರುವುದಿಲ್ಲ. ಒಂದು ವರ್ಷದೊಳಗಿನ ಮರಿಗಳ ರಕ್ತದಲ್ಲಿ ಇದು ಇರುವ ಸಾಧ್ಯತೆ ಹೆಚ್ಚು, ಪರಚುವುದೂ ಅವೇ ಹೆಚ್ಚು.

ದಾರಿ ಹೀಗಿದೆ. ಚಿಗಟ ಸೋಂಕಿರುವ ಬೆಕ್ಕಿನ ರಕ್ತ ಕುಡಿಯುತ್ತದೆ. ಬ್ಯಾಕ್ಟೀರಿಯಾ ಚಿಗಟದ ಹಿಕ್ಕೆಯಲ್ಲಿ ಹೊರಬೀಳುತ್ತದೆ. ತುರಿಕೆಯಾಗಿ ಬೆಕ್ಕು ಕೆರೆದುಕೊಂಡಾಗ ಆ ಹಿಕ್ಕೆ ಉಗುರಿನ ಸಂದಿಗೆ ಸೇರುತ್ತದೆ. ಅದೇ ಉಗುರಿನಿಂದ ನಿಮ್ಮನ್ನು ಪರಚಿದರೆ ಚರ್ಮದೊಳಗೆ ಹೋಗುತ್ತದೆ. ಚಿಗಟವಿಲ್ಲದಿದ್ದರೆ ಬೆಕ್ಕಿನಿಂದ ಬೆಕ್ಕಿಗೆ ಇದು ಹರಡುವುದಿಲ್ಲ ಎಂಬುದು 1996ರ ಪ್ರಯೋಗದಲ್ಲೇ ಕಂಡುಬಂದಿದೆ: ಸೋಂಕಿದ್ದ ಬೆಕ್ಕುಗಳ ಚಿಗಟಗಳನ್ನು ಆರೋಗ್ಯವಂತ ಮರಿಗಳ ಮೇಲೆ ಬಿಟ್ಟಾಗ ಆ ಮರಿಗಳಿಗೆ ಸೋಂಕು ತಗಲಿತು, ಚಿಗಟವಿಲ್ಲದೆ ಸೋಂಕಿನ ಬೆಕ್ಕುಗಳ ಜೊತೆಗಿದ್ದ ಮರಿಗಳಿಗೆ ತಗಲಲಿಲ್ಲ. ಪರಚಿದ ಬೆಕ್ಕಿನ ಮೈಯನ್ನು ಬಾಚಿ ನೋಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮನುಷ್ಯನ ಮೈಯಲ್ಲಿ ಇದರ ನಡೆ ನಿಧಾನ. ಪರಚಿದ ಜಾಗದಲ್ಲಿ 3ರಿಂದ 10 ದಿನಗಳಲ್ಲಿ ಸಣ್ಣ ಕೆಂಪು ಗುಳ್ಳೆ ಏಳುತ್ತದೆ. ಸೊಳ್ಳೆ ಕಚ್ಚಿರಬೇಕು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅದಾದ ಒಂದರಿಂದ ಮೂರು ವಾರಗಳಲ್ಲಿ ಆ ಭಾಗದ ದುಗ್ಧಗ್ರಂಥಿ (ಲಿಂಫ್ ನೋಡ್) ಊದಿಕೊಳ್ಳುತ್ತದೆ. ಎಲ್ಲಿ ಪರಚಿತ್ತೋ ಅದರ ಮೇಲಿನ ಗ್ರಂಥಿಯೇ ಊದುವುದು: ಕೈಗೆ ಪರಚಿದ್ದರೆ ಮೊಣಕೈ ಒಳಭಾಗ ಅಥವಾ ಕಂಕುಳು, ಮುಖಕ್ಕಾದರೆ ಕಿವಿಯ ಮುಂದೆ ಅಥವಾ ಕತ್ತು, ಕಾಲಿಗಾದರೆ ತೊಡೆಸಂದು. ಹಾಗಾಗಿ ಗಂಟಿನಿಂದ ಕೆಳಕ್ಕೆ, ಬೆರಳ ತುದಿಯವರೆಗೆ, ಬೆಳಕಿನಲ್ಲಿ ಹಿಡಿದು ಹುಡುಕಿ. ಒಣಗಿದ ಗುಳ್ಳೆಯ ಗುರುತು, ಮಾಸಿದ ಗೀರು ಸಿಕ್ಕರೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ವೈದ್ಯರ ಸರದಿ ಬರುವಷ್ಟರಲ್ಲಿ ಅದು ಪೂರ್ತಿ ಮಾಸಿರಬಹುದು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ದಾರಿ ತಪ್ಪುವುದು ಇಲ್ಲೇ. ನಮ್ಮ ದೇಶದಲ್ಲಿ ದುಗ್ಧಗ್ರಂಥಿ ಊದಿದರೆ ವೈದ್ಯರ ತಲೆಗೆ ಮೊದಲು ಬರುವುದು ಕ್ಷಯ, ಬರಬೇಕಾದದ್ದೂ ಹಾಗೆಯೇ. ಸೂಜಿ ಹಾಕಿ ಗಂಟಿನ ಜೀವಕೋಶ ತೆಗೆದು ನೋಡುತ್ತಾರೆ. ವರದಿಯಲ್ಲಿ ‘ಗ್ರಾನ್ಯುಲೋಮಾ’ ಎಂದು, ಅಂದರೆ ರೋಗನಿರೋಧಕ ಕಣಗಳು ಗುಂಪುಗೂಡಿವೆ ಎಂದು ಬರುತ್ತದೆ. ತೊಂದರೆಯೆಂದರೆ ಕ್ಷಯದಲ್ಲೂ ಗ್ರಾನ್ಯುಲೋಮಾ ಇರುತ್ತದೆ, ಬಾರ್ಟೊನೆಲ್ಲಾದಲ್ಲೂ ಇರುತ್ತದೆ. ಕ್ಷಯದ ಗ್ರಂಥಿಗಳು ಸಾಮಾನ್ಯವಾಗಿ ಕತ್ತಿನಲ್ಲಿ, ನೋವಿಲ್ಲದೆ, ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. ಬೆಕ್ಕು ಪರಚಿ ಬಂದದ್ದು ಹೆಚ್ಚಾಗಿ ಒಂದೇ ಕಡೆ, ಮುಟ್ಟಿದರೆ ನೋವು, ಮೇಲಿನ ಚರ್ಮ ಬೆಚ್ಚಗೆ. ಆದರೆ ಇವು ಒಲವುಗಳು, ಕಟ್ಟಳೆಗಳಲ್ಲ. ಕೈಯಲ್ಲಿ ಮುಟ್ಟಿ ತೀರ್ಮಾನ ಕೊಡುವವರನ್ನು ನಂಬಬೇಡಿ. ತೆಗೆದ ಕೀವನ್ನೋ ಕೋಶವನ್ನೋ ಕ್ಷಯದ ಜೀನ್ ಪರೀಕ್ಷೆಗೆ ಕಳಿಸಿದ್ದಾರೆಯೇ ಎಂದು ಕೇಳಿ. “ಮನೆಯಲ್ಲಿ ಮರಿಯಿದೆ, ಇಂಥ ದಿನ ಪರಚಿತ್ತು” ಎಂಬ ಒಂದು ವಾಕ್ಯ ವೈದ್ಯರ ಕಿವಿಗೆ ಬೀಳದೆ ಹೋದರೆ ಆರು ತಿಂಗಳ ಕ್ಷಯದ ಮಾತ್ರೆ ಶುರುವಾಗಿಬಿಡಬಹುದು. ಇದರ ತಿರುವುಮುರುವೂ ಅಷ್ಟೇ ಅಪಾಯ: ಬೆಕ್ಕಿದೆ ಎಂಬ ಕಾರಣಕ್ಕೆ ನಿಜವಾದ ಕ್ಷಯವನ್ನೋ, ಲಿಂಫೋಮಾದಂಥ ಕ್ಯಾನ್ಸರನ್ನೋ ತಳ್ಳಿಹಾಕಬಾರದು. ತೂಕ ಇಳಿಯುತ್ತಿದ್ದರೆ, ರಾತ್ರಿ ಬೆವರುತ್ತಿದ್ದರೆ, ಗಂಟು ಕಲ್ಲಿನಂತೆ ಗಟ್ಟಿಯಾಗಿ ಬೆಳೆಯುತ್ತಲೇ ಇದ್ದರೆ ಬೆಕ್ಕಿನ ವಿಷಯವನ್ನು ಪಕ್ಕಕ್ಕಿಟ್ಟು ಬಯಾಪ್ಸಿಗೆ ಒಪ್ಪಿಕೊಳ್ಳಿ.

ಬಾರ್ಟೊನೆಲ್ಲಾಕ್ಕೆ ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಇದೆ, ಗಂಟಿನ ಕೋಶದಲ್ಲಿ ಪಿಸಿಆರ್ ಪರೀಕ್ಷೆಯೂ ಇದೆ. ಬೀದಿಬದಿಯ ಪ್ರತಿ ಲ್ಯಾಬಿನಲ್ಲೂ ಸಿಗುವಂಥವಲ್ಲ. ಆರೋಗ್ಯವಂತರಲ್ಲಿ ಈ ಗಂಟು ಹೆಚ್ಚಾಗಿ ಔಷಧಿಯಿಲ್ಲದೆಯೇ ಎರಡು ನಾಲ್ಕು ತಿಂಗಳಲ್ಲಿ ಕರಗುತ್ತದೆ. ಅಜಿಥ್ರೊಮೈಸಿನ್ ಕೊಟ್ಟರೆ ಸ್ವಲ್ಪ ಬೇಗ ಕುಗ್ಗುತ್ತದೆ, ಅಷ್ಟೇ. ಕೀವು ತುಂಬಿ ನೋಯುತ್ತಿದ್ದರೆ ಸೂಜಿಯಿಂದ ಎಳೆದು ತೆಗೆಯುವುದು ಲೇಸು. ಬ್ಲೇಡು ಹಾಕಿ ಸೀಳಿದರೆ ಗಾಯ ಆರದೆ ಒಸರುತ್ತಲೇ ಉಳಿಯುವ ಸಂಭವವಿದೆ. ಹಳೆಯ ಪದ್ಧತಿಯಂತೆ ಬಿಸಿ ಲೇಪ ಹಾಕಿ ಹಿಸುಕುವವರಿಗೂ ಇದೇ ಮಾತು.

ಕಣ್ಣಿನದು ಪ್ರತ್ಯೇಕ ಪ್ರಕರಣ. ಬೆಕ್ಕನ್ನು ಸವರಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡು, ಒಂದೇ ಕಣ್ಣು ಕೆಂಪಾಗಿ, ಅದೇ ಬದಿಯ ಕಿವಿಯ ಮುಂದೆ ಗಂಟು ಬಂದರೆ ‘ಮದ್ರಾಸ್ ಐ’ ಎಂದು ಹನಿ ಹಾಕಿಕೊಂಡು ಕೂರಬೇಡಿ. ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದಂತೆ ಮಂಜಾದರೆ ಅಂದೇ ಕಣ್ಣಿನ ವೈದ್ಯರನ್ನು ನೋಡಬೇಕು. ಈ ಬ್ಯಾಕ್ಟೀರಿಯಾ ಕಣ್ಣಿನ ನರವನ್ನು ಊದಿಸಿ, ಅಕ್ಷಿಪಟಲದ ನಡುವೆ ನಕ್ಷತ್ರಾಕಾರದ ಗುರುತು ಬಿಡುವುದುಂಟು. ಅದನ್ನು ಕಂಡ ಕೂಡಲೇ ಅನುಭವಿ ನೇತ್ರತಜ್ಞರು “ಮನೆಯಲ್ಲಿ ಬೆಕ್ಕಿದೆಯೇ” ಎಂದು ಕೇಳುತ್ತಾರೆ.

ಗಂಟಿಲ್ಲ, ಜ್ವರ ಮಾತ್ರ

ಬೆಂಗಳೂರಿನಲ್ಲಿ ಮಳೆಗಾಲದ ಜ್ವರವೆಂದರೆ ಡೆಂಗಿ ಎಂಬುದು ಮಾತಾಗಿಬಿಟ್ಟಿದೆ. ಮೊದಲ ದಿನವೇ ಡೆಂಗಿ ಪರೀಕ್ಷೆ, ಮೂರನೆಯ ದಿನದಿಂದ ಪ್ಲೇಟ್‌ಲೆಟ್ ಎಣಿಕೆ, ನೆಂಟರಿಂದ ಪರಂಗಿ ಎಲೆಯ ರಸ. ಡೆಂಗಿ ನೆಗೆಟಿವ್ ಬಂದರೆ ವೈಡಾಲ್ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಎನ್ನುತ್ತಾರೆ. ಎಂಟನೆಯ ದಿನವೂ ಜ್ವರ ಇಳಿಯದಿದ್ದಾಗ ಮನೆಯಲ್ಲಿ ಇಲಿ, ಬೆಕ್ಕು, ಚಿಗಟ ಇವೆಯೇ ಎಂದು ಯಾರಾದರೂ ಕೇಳಿದರೆ ಪುಣ್ಯ.

ಚಿಗಟದಿಂದ ಬರುವ ಜ್ವರಗಳು ಮುಖ್ಯವಾಗಿ ಎರಡು. ಒಂದು ಮ್ಯೂರೀನ್ ಟೈಫಸ್. ರಿಕೆಟ್ಸಿಯಾ ಟೈಫಿ ಇದರ ಬ್ಯಾಕ್ಟೀರಿಯಾ. ಇಲಿಗಳಲ್ಲಿ ನೆಲೆಸಿ ಇಲಿಚಿಗಟದ ಮೂಲಕ ಬರುತ್ತದೆ, ಬೆಕ್ಕಿನ ಚಿಗಟವೂ ಹೊರಬಲ್ಲದು. ಚಿಗಟ ಕಚ್ಚುವಾಗಲೇ ಅಲ್ಲಿ ಹಿಕ್ಕೆಯನ್ನೂ ಹಾಕುತ್ತದೆ, ನಾವು ಕೆರೆದುಕೊಂಡು ಅದನ್ನು ಗಾಯದೊಳಗೆ ತಿಕ್ಕಿಕೊಳ್ಳುತ್ತೇವೆ. ಒಂದು ಎರಡು ವಾರಗಳಲ್ಲಿ ಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು. ಸುಮಾರು ಅರ್ಧದಷ್ಟು ಜನರಿಗೆ ಎದೆ ಹೊಟ್ಟೆಯ ಮೇಲೆ ಮಂಕಾದ ಕೆಂಪು ಚುಕ್ಕೆಗಳು ಏಳುತ್ತವೆ. ಕಪ್ಪು ಚರ್ಮದ ಮೇಲೆ ಅವು ಕಣ್ಣಿಗೆ ಬೀಳದೇ ಹೋಗುವುದೇ ಹೆಚ್ಚು. ಇನ್ನೊಂದು ರಿಕೆಟ್ಸಿಯಾ ಫೆಲಿಸ್. ಇದು ಬೆಕ್ಕಿನ ಚಿಗಟದ ಮೊಟ್ಟೆಯ ಮೂಲಕ ತಾಯಿಯಿಂದ ಮರಿಗೆ ದಾಟುತ್ತದೆ, ಅಂದರೆ ಚಿಗಟ ಬೆಕ್ಕನ್ನು ಕಚ್ಚದೆಯೂ ಸೋಂಕು ಹೊತ್ತಿರಬಹುದು. ಭಾರತದ ಚಿಗಟಗಳಲ್ಲೂ ಇದು ಸಿಕ್ಕಿದೆ.

ಇವುಗಳ ಕಿರಿಕಿರಿ ಏನೆಂದರೆ ರಕ್ತಪರೀಕ್ಷೆ ಡೆಂಗಿಯಂತೆಯೇ ಕಾಣುತ್ತದೆ: ಪ್ಲೇಟ್‌ಲೆಟ್ ಇಳಿದಿರುತ್ತದೆ, ಯಕೃತ್ತಿನ ಕಿಣ್ವಗಳು ಏರಿರುತ್ತವೆ. ರಿಕೆಟ್ಸಿಯಾ ಪತ್ತೆಗೆ ಸಾಮಾನ್ಯವಾಗಿ ಮಾಡಿಸುವ ವೈಲ್–ಫೆಲಿಕ್ಸ್ ಪರೀಕ್ಷೆ ಮೊದಲ ವಾರದಲ್ಲಿ ನೆಗೆಟಿವ್ ಬರುವುದು ಮಾಮೂಲು. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ಗಳಂಥ ಔಷಧಿಗೆ ರಿಕೆಟ್ಸಿಯಾ ಜಗ್ಗುವುದಿಲ್ಲ, ಏಕೆಂದರೆ ಅದು ಜೀವಕೋಶದ ಒಳಗೆ ಅಡಗಿರುತ್ತದೆ. ಡಾಕ್ಸಿಸೈಕ್ಲಿನ್‌ಗೆ ಮಾತ್ರ ಚೆನ್ನಾಗಿ ಬಗ್ಗುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ದಿನಗಟ್ಟಲೆ ದುಬಾರಿ ಚುಚ್ಚುಮದ್ದು ಹಾಕಿಸಿಕೊಂಡೂ ಇಳಿಯದ ಜ್ವರ ಆ ಅಗ್ಗದ ಮಾತ್ರೆಗೆ ಇಳಿದರೆ ಅದೇ ದೊಡ್ಡ ಸುಳಿವು. ಅಂದಮಾತ್ರಕ್ಕೆ ಔಷಧದಂಗಡಿಯಿಂದ ತಂದು ನುಂಗಬೇಡಿ. ಗರ್ಭಿಣಿಯರಿಗೆ ವೈದ್ಯರು ಬೇರೆ ಆಯ್ಕೆ ಮಾಡುತ್ತಾರೆ.

ವೈದ್ಯರು ಸ್ಕ್ರಬ್ ಟೈಫಸ್ ಬಗ್ಗೆಯೂ ಯೋಚಿಸುತ್ತಾರೆ. ಅದು ಚಿಗಟದ್ದಲ್ಲ, ಪೊದೆ ಹುಲ್ಲುಗಳಲ್ಲಿರುವ ನುಸಿಯದು. ಕಂಕುಳು, ತೊಡೆಸಂದು, ಸೊಂಟದ ಪಟ್ಟಿಯ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದೆಯೇ ಎಂದು ಮನೆಯವರೇ ನೋಡಬಹುದು. ಜ್ವರ ಬರುವ ಮುನ್ನ ಊರಿನ ತೋಟಕ್ಕೆ ಹೋಗಿದ್ದಿರೋ, ನಗರದಾಚೆ ಚಾರಣಕ್ಕೆ ಹೋಗಿದ್ದಿರೋ ನೆನಪಿಸಿಕೊಳ್ಳಿ. ಚಿಕ್ಕಪೇಟೆಯ ಗೋದಾಮಿನಲ್ಲಿ, ದಿನಸಿ ಮಂಡಿಯಲ್ಲಿ ಕೆಲಸವಿದ್ದರೆ ಅದನ್ನೂ ಹೇಳಿ. ಮನೆಯ ಬೆಕ್ಕು ನಿರಪರಾಧಿಯಾಗಿದ್ದು ಕೆಲಸದ ಜಾಗದ ಇಲಿಯೇ ಕಾರಣವಾಗಿರಬಹುದು.

ಹಿರಿಯರಿರುವ ಮನೆಯಲ್ಲಿ ಚಿಗಟ, ಗಡ್ಡೆ, ಜ್ವರ ಎಂಬ ಮೂರು ಮಾತು ಒಟ್ಟಿಗೆ ಬಂದರೆ ಪ್ಲೇಗಿನ ಹೆಸರೂ ಏಳುತ್ತದೆ. ಆ ಹೆದರಿಕೆಗೆ ಈ ಊರಿನಲ್ಲಿ ಇತಿಹಾಸವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆಯೇ ಗಾಳಿ ಬೆಳಕಿನ ಅಗಲ ರಸ್ತೆಗಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ, ರೋಗವನ್ನು ಇಲಿಯಿಂದ ದಾಟಿಸುವುದು ಚಿಗಟ ಎಂದು ತೋರಿಸಿದರು. ಆದರೆ ಸಾಕುಬೆಕ್ಕು ಪರಚಿ ಮೂರು ವಾರಕ್ಕೆ ನಿಧಾನವಾಗಿ ಬಂದ ಗಂಟಿಗೂ ಪ್ಲೇಗಿಗೂ ಸಂಬಂಧವಿಲ್ಲ. ಪ್ಲೇಗು ದಿನಗಳ ಲೆಕ್ಕದ ರೋಗ, ಮನುಷ್ಯನನ್ನು ಕೂರಲೂ ಬಿಡುವುದಿಲ್ಲ.

ಚಿಗಟ ಇದೆಯೋ ಇಲ್ಲವೋ

“ನಮ್ಮ ಬೆಕ್ಕಿಗೆ ಚಿಗಟವಿಲ್ಲ” ಎಂದು ಎದೆ ತಟ್ಟಿ ಹೇಳುವವರ ಬೆಕ್ಕಿನ ಮೇಲೆಯೇ ನನಗೆ ಹೆಚ್ಚು ಅನುಮಾನ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಂಡು ಚಿಗಟಗಳನ್ನು ನುಂಗಿಬಿಡುತ್ತದೆ, ಕಣ್ಣಿಗೆ ಬೀಳುವುದು ಅಪರೂಪ. ಕಣ್ಣನ್ನು ನಂಬದೆ ಪರೀಕ್ಷೆ ಮಾಡಿ. ಹೇನು ಬಾಚುವ ಸಣ್ಣ ಹಲ್ಲಿನ ಬಾಚಣಿಗೆ ಸಾಕು. ಬಾಲದ ಬುಡ, ಸೊಂಟದ ಮೇಲ್ಭಾಗ, ಕತ್ತಿನ ಹಿಂದೆ ಚರ್ಮಕ್ಕೆ ತಾಗುವಂತೆ ಬಾಚಿ. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು, ಕಪ್ಪು ಕಸವನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಕಾಗದದ ಮೇಲೆ ಕೊಡವಿ. ಒಂದು ನಿಮಿಷ ಕಾಯಿರಿ. ಬರೀ ಧೂಳಾಗಿದ್ದರೆ ಕಪ್ಪು ಚುಕ್ಕೆಯಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಚುಕ್ಕೆಯ ಸುತ್ತ ತುಕ್ಕಿನ ಬಣ್ಣ ಮೆಲ್ಲನೆ ಹರಡುತ್ತದೆ. ಅದು ಜೀರ್ಣವಾದ ರಕ್ತ. ಬಾಗಿಲ ಬಳಿ ವಾದಕ್ಕೆ ನಿಂತವರೂ ಆ ಕೆಂಪು ಹರಡುವುದನ್ನು ಕಂಡ ಮೇಲೆ ಮತ್ತೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ.

ಬೇರೆ ಸುಳಿವುಗಳೂ ಇವೆ. ಬೆಕ್ಕಿನ ಬಾಲದಡಿ ಅಕ್ಕಿ ಕಾಳಿನಂಥ ತುಣುಕುಗಳು ಅಂಟಿದ್ದರೆ ಅದು ಲಾಡಿಹುಳುವಿನ ತುಂಡು; ಚಿಗಟ ನುಂಗಿದ ಬೆಕ್ಕಿಗೇ ಆ ಹುಳು ಬರುವುದು ಹೆಚ್ಚು. ಮನುಷ್ಯರಿಗೆ ಕಚ್ಚಿದ ಗುರುತು ಕಣಕಾಲು, ಮೀನಖಂಡಗಳಲ್ಲಿ ಎರಡು ಮೂರು ಒಟ್ಟಿಗೆ ಇದ್ದರೆ ಚಿಗಟದ ಮೇಲೆ ಅನುಮಾನ. ಬೆಳಗ್ಗೆ ಎದ್ದಾಗ ಕತ್ತು, ತೋಳುಗಳ ಮೇಲೆ ಸಾಲಾಗಿ ಕಂಡರೆ ತಿಗಣೆಯನ್ನು ಹುಡುಕಿ. ಬಿಳಿ ಕಾಲುಚೀಲ ಹಾಕಿಕೊಂಡು ಬೆಕ್ಕು ಮಲಗುವ ಜಾಗದಲ್ಲಿ ಹತ್ತು ನಿಮಿಷ ಓಡಾಡಿದರೆ ಚಿಗಟವೇ ಬಂದು ಹಾಜರಿ ಹಾಕುತ್ತದೆ.

ಔಷಧಿ ಹಾಕುವಾಗ ಒಂದು ವಿಷಯದಲ್ಲಿ ನಾನು ದನಿ ಏರಿಸುತ್ತೇನೆ. ನಾಯಿಗೆ ತಂದ ಉಣ್ಣೆ ಔಷಧಿಯನ್ನು, ಪುಡಿಯನ್ನು ಬೆಕ್ಕಿಗೆ ಹಾಕಬೇಡಿ. ಅವುಗಳಲ್ಲಿ ಇರಬಹುದಾದ ಪರ್ಮೆಥ್ರಿನ್ ಬೆಕ್ಕಿನ ಪಾಲಿಗೆ ವಿಷ. ಅದನ್ನು ಒಡೆಯುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಕೂಡ ಬೇಡ. ಹಾಕಿದ ಕೆಲವೇ ಗಂಟೆಗಳಲ್ಲಿ ಕಿವಿ ಅದುರುತ್ತದೆ, ಮೈ ನಡುಗುತ್ತದೆ, ಫಿಟ್ಸ್ ಬರುತ್ತದೆ. ಆಗಲೇ ಹಾಕಿಬಿಟ್ಟಿದ್ದರೆ ಪಾತ್ರೆ ತೊಳೆಯುವ ದ್ರಾವಣ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೇರವಾಗಿ ಆಸ್ಪತ್ರೆಗೆ ಕರೆತನ್ನಿ. ಬೆಕ್ಕಿಗೆಂದೇ ಇರುವ ಫಿಪ್ರೋನಿಲ್, ಸೆಲಮೆಕ್ಟಿನ್‌ಗಳಂಥ ಹನಿ ಔಷಧಿಗಳನ್ನು ತೂಕ ನೋಡಿ, ಕತ್ತಿನ ಹಿಂದೆ ನಾಲಿಗೆ ಎಟುಕದ ಜಾಗದಲ್ಲಿ ಕೂದಲು ಬಿಡಿಸಿ ಚರ್ಮಕ್ಕೆ ಹಾಕಬೇಕು. ಕೂದಲ ಮೇಲೆ ಸುರಿದರೆ ಹಣ ಸುರಿದಂತೆ. ಮನೆಯಲ್ಲಿ ಎಷ್ಟು ಬೆಕ್ಕು ನಾಯಿಗಳಿವೆಯೋ ಅಷ್ಟಕ್ಕೂ ಒಂದೇ ದಿನ, ಅವುಗಳಿಗೆ ತಕ್ಕ ಔಷಧಿ ಆಗಬೇಕು.

ಔಷಧಿ ಹಾಕಿದರೂ ಹೋಗಲಿಲ್ಲ

ಎರಡು ವಾರಕ್ಕೆ ಇದೇ ದೂರು ಬರುತ್ತದೆ, “ನೀವು ಕೊಟ್ಟದ್ದು ಕೆಲಸ ಮಾಡುತ್ತಿಲ್ಲ” ಎಂದು. ಬಹುಪಾಲು ಔಷಧಿ ಕೆಲಸ ಮಾಡುತ್ತಿರುತ್ತದೆ. ಬೆಕ್ಕಿನ ಮೈಮೇಲೆ ಇರುವುದು ಒಟ್ಟು ಚಿಗಟ ಸಂತತಿಯ ನೂರಕ್ಕೆ ಐದು ಪಾಲು ಮಾತ್ರ. ಒಂದು ಹೆಣ್ಣು ದಿನಕ್ಕೆ 40–50ರವರೆಗೆ ಮೊಟ್ಟೆ ಇಡುತ್ತದೆ. ಅವು ಜಾರಿ ಬಿದ್ದು ದಿವಾನದ ಕೆಳಗೆ, ಸೋಫಾದ ಸಂದಿಯಲ್ಲಿ, ಜಮಖಾನದ ನೇಯ್ಗೆಯಲ್ಲಿ, ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಬಿರುಕಿನಲ್ಲಿ ಸೇರಿಕೊಳ್ಳುತ್ತವೆ. ಮರಿಹುಳು ಬೆಳಕು ಕಂಡರೆ ಓಡುತ್ತದೆ, ದೊಡ್ಡ ಚಿಗಟಗಳ ಹಿಕ್ಕೆ ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟಿಕೊಂಡರೆ ಸಿಂಪಡಿಸಿದ ಔಷಧಿಯೂ ಅದನ್ನು ಸರಿಯಾಗಿ ಮುಟ್ಟುವುದಿಲ್ಲ. ಗೂಡಿನೊಳಗೆ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಬಿಸಿ, ಉಸಿರಿನ ಇಂಗಾಲದ ಡೈ ಆಕ್ಸೈಡ್ ಸಿಕ್ಕ ಕೂಡಲೇ ಒಡೆದು ಹೊರಬರುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬೀಗ ತೆಗೆದ ದಿನವೇ ಕಾಲಿಗೆ ಚಿಗಟ ಮುತ್ತುವುದು ಇದರಿಂದಲೇ. ಬಾಡಿಗೆಗೆ ಬಂದ ಖಾಲಿ ಮನೆಯಲ್ಲೂ ಹೀಗಾಗುತ್ತದೆ. ಹಿಂದಿನವರು ಬೆಕ್ಕು ಸಾಕಿದ್ದರೇ ಎಂದು ವಿಚಾರಿಸಿ. ಇಲ್ಲಿನ ಹವೆ ಹೆಚ್ಚು ಬಿಸಿಯೂ ಅಲ್ಲ, ತೀರ ತಣ್ಣಗೂ ಅಲ್ಲ, ಮಳೆಗಾಲದಲ್ಲಿ ತೇವ ಬೇರೆ. ಚಿಗಟಕ್ಕೆ ವರ್ಷಪೂರ್ತಿ ಸುಗ್ಗಿ.

ಆದ್ದರಿಂದ ಬೆಕ್ಕಿನ ಔಷಧಿಯನ್ನು ಅದರ ಅವಧಿಗೆ ಸರಿಯಾಗಿ, ಕನಿಷ್ಠ ಮೂರು ತಿಂಗಳು ಬಿಡದೆ ಮುಂದುವರಿಸಿ. ಬೆಕ್ಕಿನ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ವ್ಯಾಕ್ಯೂಮ್ ಇದ್ದರೆ ಮೂಲೆ, ಸಂದಿಗಳಿಗೆ ಹಿಡಿಯಿರಿ. ಅದರ ಅದುರಿಗೆ ಗೂಡು ಬಿಟ್ಟು ಬಂದವು ಬೆಕ್ಕಿನ ಮೈಯ ಔಷಧಿಗೆ ಸಿಕ್ಕಿ ಸಾಯುತ್ತವೆ. ಕೀಟನಾಶಕ ಸಿಂಪಡಿಸುವವರನ್ನು ಕರೆಯುವುದಾದರೆ ಚಿಗಟಕ್ಕೆ ಎಂದು ಬಿಡಿಸಿ ಹೇಳಿ, ಜಿರಲೆಯ ಜೆಲ್ ಹಚ್ಚಿ ಹೋದರೆ ಪ್ರಯೋಜನವಿಲ್ಲ. ಮೊಟ್ಟೆ, ಮರಿಹುಳು ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್‌ನಂಥದ್ದು ಅದರಲ್ಲಿದೆಯೇ ಕೇಳಿ. ನೆಲ ಪೂರ್ತಿ ಒಣಗುವವರೆಗೆ ಬೆಕ್ಕು ಆ ಕೋಣೆಗೆ ಕಾಲಿಡಬಾರದು.

ಬೆಕ್ಕಿನ ರಕ್ತ ಪರೀಕ್ಷಿಸಬೇಕೇ

ಬೇಡ. ಆರೋಗ್ಯವಾಗಿರುವ ಬೆಕ್ಕಿನಲ್ಲಿ ಬಾರ್ಟೊನೆಲ್ಲಾ ಇದೆಯೆಂದು ತಿಳಿದು ಮಾಡುವುದೇನೂ ಇಲ್ಲ. ಆ್ಯಂಟಿಬಯಾಟಿಕ್ ಕೊಟ್ಟರೂ ಅದು ಖಚಿತವಾಗಿ ತೊಲಗುವುದಿಲ್ಲ. ಬೆಕ್ಕನ್ನು ಚೀಲದಲ್ಲಿ ಹಾಕಿ ಮಾರುಕಟ್ಟೆಯ ಬಳಿ ಬಿಟ್ಟು ಬರುವವರಿದ್ದಾರೆ. ಚಿಗಟದ ಗೂಡುಗಳು ಮನೆಯಲ್ಲೇ ಉಳಿದಿರುತ್ತವೆ, ಅದರ ನಂತರ ಅವಕ್ಕೆ ಸಿಗುವುದು ನಿಮ್ಮ ಕಾಲು ಮಾತ್ರ. ಉಗುರಿನ ತುದಿ ಕತ್ತರಿಸಿ, ಕೈಬೆರಳನ್ನೇ ಆಟಿಕೆ ಮಾಡಿ ಮರಿಯನ್ನು ಕೆಣಕುವುದು ಬಿಡಿ, ತೆರೆದ ಗಾಯವನ್ನು ನೆಕ್ಕಲು ಬಿಡಬೇಡಿ.

ಕೆಲವರು ಮಾತ್ರ ಕಾದು ನೋಡುವ ಹಾಗಿಲ್ಲ: ಅಂಗಾಂಗ ಕಸಿ ಆದವರು, ಕೀಮೋಥೆರಪಿ ತೆಗೆದುಕೊಳ್ಳುತ್ತಿರುವವರು, ಎಚ್‌ಐವಿ ಇರುವವರು, ಹೃದಯದ ಕವಾಟದ ತೊಂದರೆ ಇರುವವರು. ಕವಾಟ ಕೆಟ್ಟವರಲ್ಲಿ ಈ ಬ್ಯಾಕ್ಟೀರಿಯಾ ಹೃದಯಕ್ಕೇ ಇಳಿಯಬಲ್ಲದು, ಸಾಮಾನ್ಯ ರಕ್ತ ಕಲ್ಚರಿನಲ್ಲಿ ಸಿಕ್ಕುವುದೂ ಇಲ್ಲ. ಇಂಥವರು ಜ್ವರ ಬಂದ ದಿನವೇ ಬೆಕ್ಕಿನ ವಿಷಯ ಹೇಳಬೇಕು.

ವೈದ್ಯರಿಗೆ ಹೇಳುವುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆಸ್ಪತ್ರೆಯ ಗದ್ದಲದಲ್ಲಿ ಮರೆತುಹೋಗುತ್ತದೆ. ಹೀಗಿದ್ದರೆ ಸಾಕು: “ಐದು ತಿಂಗಳ ಮರಿ, ಬೀದಿಯಿಂದ ತಂದದ್ದು. ಬಲಗೈ ಹೆಬ್ಬೆರಳಿಗೆ ಪರಚಿದ್ದು ದಸರಾ ವಾರದಲ್ಲಿ. ಗುಳ್ಳೆ ಎದ್ದು ಒಣಗಿದೆ, ಫೋಟೊ ಇದೆ. ಬಲ ಕಂಕುಳಲ್ಲಿ ಗಂಟು ದೀಪಾವಳಿಗೆ ಸ್ವಲ್ಪ ಮುಂಚೆ. ಬಾಚಣಿಗೆ ಪರೀಕ್ಷೆಯಲ್ಲಿ ಚಿಗಟ ಇದೆ. ರೇಬೀಸ್ ಲಸಿಕೆ ಆಗಿದೆ. ಇಲ್ಲಿಯವರೆಗೆ ನುಂಗಿದ ಮಾತ್ರೆಗಳ ಹಾಳೆ ಜೊತೆಗಿದೆ.”

ಮಳೆಯಲ್ಲಿ ನೆನೆದು ಕಾರಿನ ಬಾನೆಟ್ಟಿನೊಳಗೆ ಸಿಕ್ಕ ಮರಿಯನ್ನು ಮನೆಗೆ ತಂದಿದ್ದೀರಿ ಎನ್ನಿ. ಎಂಟು ವಾರ ತುಂಬದ ಮರಿಗೆ ಅಂಗಡಿಯ ಹನಿ ಔಷಧಿ ಬೇಡ. ದಿನಕ್ಕೆರಡು ಸಲ ಬಾಚಿ, ಸಿಕ್ಕ ಚಿಗಟವನ್ನು ಸೋಪಿನ ನೀರಿನ ಬಟ್ಟಲಿಗೆ ಹಾಕಿ, ಉಗುರಿನಲ್ಲಿ ಕುಕ್ಕಬೇಡಿ. ಒಸಡು ಬಿಳಿಚಿಕೊಂಡಿದ್ದರೆ ಚಿಗಟ ರಕ್ತ ಹೀರಿ ಸಾಯಿಸುವ ಹಂತಕ್ಕೆ ಬಂದಿದೆ ಎಂದರ್ಥ, ಅಂದೇ ಕರೆತನ್ನಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾದರೂ ಸರಿ, ಹತ್ತಿರದ ಕ್ಲಿನಿಕ್ಕಿಗಾದರೂ ಸರಿ. ಅಲ್ಲಿಯವರೆಗೆ ಮರಿಗೆ ಸ್ನಾನದ ಮನೆಯೋ ಯುಟಿಲಿಟಿಯೋ ಸಾಕು, ಹಾಸಲು ದಿನವೂ ಬದಲಿಸಬಹುದಾದ ಹಳೆಯ ಪಂಚೆ. ಟಿಶ್ಯೂ ಮೇಲೆ ತುಕ್ಕಿನ ಬಣ್ಣ ಬರುವುದು ನಿಂತ ಮೇಲೆ ನಡುಮನೆಯ ಸೋಫಾ ಹತ್ತಲು ಬಿಡಿ.